ಬಾಗಿಲಮ್ಮ ಬಿಟ್ಟುಕೊಟ್ಟ ಜಾಗ

ಹೋದ ವಾರ ನಮ್ಮ ಬೀದಿಗೆ ಯಾರೋ ಮಂತ್ರಿ ಬರುತ್ತಾರೆಂದು ಕಾರ್ಪೊರೇಷನ್ನಿನವರು ಮರಗಳ ಬುಡಕ್ಕೆಲ್ಲ ಸುಣ್ಣ ಬಳಿದರು. ಮಂತ್ರಿ ಬರಲಿಲ್ಲ. ಸುಣ್ಣದ ವಾಸನೆ ಮಾತ್ರ ಕಿಟಕಿಯಿಂದ ಒಳಗೆ ಬಂದು ಕೂತಿತು. ಹಸಿ ಸುಣ್ಣದ ವಾಸನೆ ಬಂದರೆ ನನಗೆ ನೆನಪಾಗುವುದು ಸಮಾಧಿಗಳೇ. ಈಸ್ಟರಿನ ಹಿಂದಿನ ದಿನ ಬಕೆಟ್ಟಿನಲ್ಲಿ ಸುಣ್ಣ ಕಲಸಿಕೊಂಡು, ಸೀರೆ ಎತ್ತಿ ಸಿಕ್ಕಿಸಿಕೊಂಡು, ಗಂಡನ ಸಮಾಧಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತ ಆ ಮುದುಕಿ...

ಚಾಮರಾಜಪೇಟೆಯ ನಮ್ಮ ಚರ್ಚಿನಲ್ಲಿ ಎಲ್ಲರೂ ಅವರನ್ನು ಬಾಗಿಲಮ್ಮ ಎಂದೇ ಕರೆಯುತ್ತಿದ್ದರು. ಅದು ಯಾರೂ ಕೊಟ್ಟ ಕೆಲಸವಲ್ಲ. ಗಂಡ ದರ್ಜಿ, ಎಂದೋ ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ. ಭಾನುವಾರ ಬೆಳಿಗ್ಗೆ ಬಂದು ಬಾಗಿಲಲ್ಲಿ ನಿಲ್ಲುವರು, ಬಂದವರನ್ನು ಕೈಹಿಡಿದು ಒಳಗೆ ಕರೆದುಕೊಂಡು ಹೋಗಿ ಕೂರಿಸುವರು, ಅಷ್ಟೇ. ಆಗ ಚರ್ಚು ಚಿಕ್ಕದು. ಮುಂದಿನ ಬೆಂಚುಗಳಲ್ಲಿ ಹಳೇ ಮನೆತನದವರು, ಹಿಂದೆ ಚಾಪೆ. ಮನೆಗೆಲಸದವರು, ಮಾರ್ಕೆಟ್ಟಿನಲ್ಲಿ ಮೂಟೆ ಹೊರುವವರು, ಗಾರ್ಮೆಂಟ್ಸ್ ಹೆಂಗಸರು ಬರತೊಡಗಿದ ಮೇಲೆ ಚಾಪೆಯೂ ಸಾಲದಾಯಿತು. ಬಾಗಿಲಮ್ಮ ಹೋಗಿ ಬೆಂಚಿನವರ ಪಕ್ಕ ನಿಲ್ಲುವರು.

“ಸರ್ಕೊಳ್ರಪ್ಪ ಸ್ವಲ್ಪ. ಪರಲೋಕದಲ್ಲೂ ಹಿಂಗೇ ಕಾಲು ಚಾಚ್ಕೊಂಡು ಕೂತ್ಕೋತೀರಾ?”

ಮನಸ್ಸಿದ್ದು ಸರಿದರೋ ಇಲ್ಲದೆ ಸರಿದರೋ, ಜಾಗವಂತೂ ಆಗುತ್ತಿತ್ತು.

ಕೊನೆಗೆ ಕಮಿಟಿಯವರು ಪಕ್ಕದ ಗೋಡೆ ಒಡೆದು, ಶೀಟು ಹಾಕಿ, ಚರ್ಚನ್ನು ದೊಡ್ಡದು ಮಾಡಲು ಹೊರಟರು. ಆ ಕೆಲಸಕ್ಕೆ ಬಂದ ಗಾರೆಯವನೇ ನನ್ನ ಗಂಡ, ನನ್ನ ಯಜಮಾನ. ನಾನು ಮರಳು ಹೊರುತ್ತಿದ್ದೆ. ಭಾನುವಾರ ಕೆಲಸವಿಲ್ಲದಿದ್ದರೂ ಹೊಸ ಗೋಡೆಗೆ ನೀರು ಹಾಕಲು ಇಬ್ಬರೂ ಬಂದಿದ್ದೆವು. ಬಾಗಿಲಮ್ಮ ನಮ್ಮನ್ನು ನೋಡಿ, “ನೀರು ಹಾಕಿದ್ದಾಯ್ತಲ್ಲ, ಒಳಗೆ ಬನ್ನಿ. ಜಾಗ ಮಾಡಿದೋರೇ ಹೊರಗೆ ನಿಂತ್ರೆ ಹೆಂಗೆ?” ಎಂದರು. ಹೋದೆವು. ಸುಳ್ಳು ಯಾಕೆ ಹೇಳಲಿ, ನಾನು ಹೋದದ್ದು ಪ್ರಾರ್ಥನೆ ಮುಗಿದ ಮೇಲೆ ಕೊಡುವ ಕಾಫಿ ಬನ್ನಿಗೆ. ಯಜಮಾನ ಮಾತ್ರ ಮನಸ್ಸಿಟ್ಟು ಕೂತ. ಮರುವಾರವೂ ಹೋದ. ಮೂರು ತಿಂಗಳಿಗೆ ದೀಕ್ಷಾಸ್ನಾನ ತೆಗೆದುಕೊಂಡ, ನನಗೂ ಕೊಡಿಸಿದ. ಆದರೆ ಸಭೆಯ ಸದಸ್ಯರ ಪುಸ್ತಕದಲ್ಲಿ ಹೆಸರು ಬರೆಯಬೇಕಾದರೆ ಅಲ್ಲಿಂದ ಒಂದು ವರ್ಷ ಆಗಬೇಕು. ಎಂಟನೇ ತಿಂಗಳಿಗೆ ಅವನಿಗೆ ಕಾಮಾಲೆ ಆಯಿತು. ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದು ಹೋಗಿಬಿಟ್ಟ.

ನಮ್ಮಲ್ಲಿ ಸುಡುವುದಿಲ್ಲ, ಹೂಳುವುದು. ಊರಿಗೆ ಫೋನು ಮಾಡಿಸಿದೆ. ಚರ್ಚಿಗೆ ಹೋದವನಿಗೆ ನಮ್ಮ ಹೊಲದಲ್ಲಿ ಜಾಗವಿಲ್ಲ ಎಂದು ಭಾವನವರು ಹೇಳಿ ಫೋನು ಇಟ್ಟುಬಿಟ್ಟರು. ಅವನೇ ಕಟ್ಟಿದ ಗೋಡೆಯ ಪಕ್ಕ ಅವನನ್ನು ಮಲಗಿಸಿಕೊಂಡು ಕೂತಿದ್ದೆ. ಚರ್ಚಿನ ಕಾರ್ಯದರ್ಶಿ ಬಂದು ತಲೆ ಕೆರೆದುಕೊಂಡು ನಿಂತರು. ಸಿಮೆಟ್ರಿ ತುಂಬಿಹೋಗಿತ್ತು. ಹೊಸ ಗುಂಡಿ ತೋಡಲು ಜಾಗವೇ ಇರಲಿಲ್ಲ. ಹಳೇ ಮನೆಯವರಿಗೆ ಅವರವರ ಗುಂಡಿ, ಅದೇ ಗುಂಡಿಯನ್ನು ಆ ಮನೆಯ ಮುಂದಿನವರಿಗೆ ತೆಗೆಯುವರು. ಒಮ್ಮೆ ಮುಚ್ಚಿದರೆ ಹನ್ನೆರಡು ವರ್ಷ ಮುಟ್ಟುವ ಹಾಗಿಲ್ಲ. ಪುಸ್ತಕದಲ್ಲಿ ಹೆಸರಿಲ್ಲದವರಿಗೆ ಏನೂ ಇಲ್ಲ.

ಬಾಗಿಲಮ್ಮ ಹಿಂದೆ ನಿಂತು ಎಲ್ಲ ಕೇಳುತ್ತಿದ್ದರು.

“ನಮ್ಮ ಯಜಮಾನ್ರ ಗುಂಡಿ ಇದ್ಯಲ್ಲ, ಅದನ್ನ ತೆಗೀರಿ.”

“ಅದು ನಿಮಗೆ ಅಂತ ಇರೋದಮ್ಮ.”

“ನಾನಿನ್ನೂ ಸತ್ತಿಲ್ವಲ್ಲ.”

“ಈಗ ತೆಗೆದ್ರೆ ಮತ್ತೆ ಹನ್ನೆರಡು ವರ್ಷ ತೆಗೆಯೋ ಹಾಗಿಲ್ಲ. ನಿಮಗೀಗ್ಲೇ ಎಪ್ಪತ್ತು.”

“ಇರ್ತೀನಿ ಬಿಡಪ್ಪ ಹನ್ನೆರಡು ವರ್ಷ. ನನಗೇನು ಬೇರೆ ಕೆಲ್ಸ?”

ಒಪ್ಪಿಗೆಯ ಕಾಗದಕ್ಕೆ ಹೆಬ್ಬೆಟ್ಟಲ್ಲ, ಚೆನ್ನಾಗಿಯೇ ಸಹಿ ಹಾಕಿದರು. ತಮ್ಮ ನಂತರ ಆ ಗುಂಡಿ ನನಗೆ ಎಂದೂ ಅದೇ ಕಾಗದದಲ್ಲಿ ಬರೆಸಿದರು. ಗುಂಡಿ ತೆಗೆದಾಗ ದರ್ಜಿಯವರ ಮೂಳೆಗಳನ್ನು ಬಿಳೀ ಬಟ್ಟೆಯಲ್ಲಿ ಗಂಟು ಕಟ್ಟಿ ನನ್ನ ಯಜಮಾನನ ಕಾಲ ಬಳಿ ಇಟ್ಟರು. ಅದೇ ಪದ್ಧತಿ. ಬಾಗಿಲಮ್ಮ ಗಂಟನ್ನು ಒಮ್ಮೆ ಮುಟ್ಟಿ ನೋಡಿದರು. ಅಳಲಿಲ್ಲ.

ಆಮೇಲೆ ಚರ್ಚಿನಲ್ಲಿ ನಾಲ್ಕು ಜನರ ಮುಂದೆಯೇ ಚೇಷ್ಟೆ ಮಾಡುವರು: “ಏನೇ, ನಿನ್ನ ಗಂಡ ನಮ್ಮನೇಲಿ ಬಾಡಿಗೆಗೆ ಇದಾನೆ, ಜಗಳ ಗಿಗಳ ಆಡ್ತಿಲ್ಲ ತಾನೇ?” ನಾನು, “ನಿಮ್ಮ ಯಜಮಾನ್ರೇ ಅಳತೆ ತಗೊಂಡು ಅಂಗಿ ಹೊಲಿತಿರ್ಬೇಕು” ಎನ್ನುತ್ತಿದ್ದೆ. ಇಬ್ಬರೂ ನಗುತ್ತಿದ್ದೆವು.

ಆದರೆ ಬದುಕಿರುವುದನ್ನೇ ಅವರು ಒಂದು ಕೆಲಸ ಮಾಡಿಕೊಂಡರು. ಸಕ್ಕರೆ ಬಿಟ್ಟರು. ಬೆಳಿಗ್ಗೆ ಎದ್ದು ಗಾಳಿ ಆಂಜನೇಯನ ಗುಡಿಯವರೆಗೂ ನಡೆದು ಹಿಂದಿರುಗುವರು. ಬಿ.ಪಿ. ಮಾತ್ರೆ ಒಂದು ದಿನವೂ ತಪ್ಪಿಸಲಿಲ್ಲ. ಪ್ರತಿ ಈಸ್ಟರಿಗೆ ಸುಣ್ಣ ಬಳಿದು ಮುಗಿಸಿ, ಸೊಂಟ ಹಿಡಿದುಕೊಂಡು ಎದ್ದು, “ಇನ್ನು ಏಳು ಕಣೇ” ಎನ್ನುವರು. ಮುಂದಿನ ಸಲ “ಇನ್ನು ಆರು.” ಈ ನಡುವೆ ಚರ್ಚು ಬೆಳೆಯುತ್ತಲೇ ಇತ್ತು. ಶೀಟು ಹೋಗಿ ತಾರಸಿ ಬಂತು, ಅದರ ಮೇಲೊಂದು ಅಂತಸ್ತು, ಭಾನುವಾರ ಮೂರು ಆರಾಧನೆ. ಮೆಟ್ರೋ ಕೆಲಸಕ್ಕೆ ರಾಯಚೂರು ಕಡೆಯಿಂದ ಬಂದವರೆಲ್ಲ ಬರುತ್ತಿದ್ದರು. ಅವರೆಲ್ಲರನ್ನೂ ಬಾಗಿಲಲ್ಲಿ ಕೈಹಿಡಿದು ಕರೆದದ್ದು ಈ ಮುದುಕಿಯೇ.

ಹನ್ನೊಂದನೇ ವರ್ಷ ದಾಟಿದ ಮೇಲೆ ಲಕ್ವ ಹೊಡೆಯಿತು. ನಮ್ಮ ಮನೆಗೇ ಕರೆತಂದೆ. ಎಡಗಡೆ ಪೂರ್ತಿ ಬಿದ್ದುಹೋಗಿತ್ತು, ಮಾತು ತೊದಲು. ಚಮಚದಲ್ಲಿ ಗಂಜಿ ಹಾಕುತ್ತಿದ್ದೆ, ಅರ್ಧ ಕೆನ್ನೆಯ ಮೇಲೆ ಇಳಿಯುತ್ತಿತ್ತು. ಒಂದು ದಿನ ಬಾಯಿ ಮುಚ್ಚಿಕೊಂಡರು.

“ಸಾಕು ಕಣೇ. ಬಿಟ್ಬಿಡು.”

“ಇನ್ನು ನಾಲ್ಕೇ ತಿಂಗಳು. ಬಾಯಿ ತೆಗೀರಿ.”

ತೆಗೆಯದಿದ್ದರೆ ಮೂಗು ಹಿಡಿದು ಕುಡಿಸಿದ್ದೂ ಉಂಟು. ಜನ ಈಗಲೂ ಹೇಳುತ್ತಾರೆ, ಮಗಳಿಗಿಂತ ಹೆಚ್ಚಾಗಿ ನೋಡಿಕೊಂಡೆ ಎಂದು. ನಾನು ಹೆದರಿಕೆಯಿಂದ ನೋಡಿಕೊಂಡೆ. ಅವರು ಮುಂಚೆಯೇ ಹೋದರೆ ನಾನು ಚರ್ಚಿನಲ್ಲಿ ಮುಖ ಎತ್ತಿಕೊಂಡು ಕೂರುವುದು ಹೇಗೆ ಎಂಬ ಹೆದರಿಕೆ. ಅವರಿಗೆ ಹೋಗಬೇಕು ಅನ್ನಿಸಿತ್ತು, ನಾನು ಹೋಗಗೊಡಲಿಲ್ಲ. ಅಷ್ಟು ಹಿಂಸೆ ಕೊಟ್ಟೂ ಒಂದೂವರೆ ತಿಂಗಳು ಕಡಿಮೆ ಬಿತ್ತು...

ಅದೇ ಕಾರ್ಯದರ್ಶಿ ಬಂದರು. ಅವರಿಗೂ ವಯಸ್ಸಾಗಿತ್ತು. ಒಂದೂವರೆ ತಿಂಗಳು ತಾನೇ, ತೆಗೆಯಿರಿ ಎಂದು ಕೇಳಿದೆ.

“ಒಬ್ಬರಿಗೆ ಬಿಟ್ರೆ ಎಲ್ಲರಿಗೂ ಬಿಡ್ಬೇಕಾಗುತ್ತಮ್ಮ. ಈಗ ಎಷ್ಟು ಜನ ಆಗಿದೀವಿ ನೋಡಿ.”

“ಅಷ್ಟು ಜನ ಆಗಿದ್ದು ಯಾರಿಂದ?”

“ಗೊತ್ತಮ್ಮ.”

ಅತ್ತರು. ಅಳುತ್ತಲೇ ಆಗುವುದಿಲ್ಲ ಎಂದರು. ಬಾಗಿಲಮ್ಮನನ್ನು ವ್ಯಾನಿನಲ್ಲಿ ಕನಕಪುರ ರಸ್ತೆಯ ಆಚೆ ಹೊಸ ಸಿಮೆಟ್ರಿಗೆ ಒಯ್ದೆವು. ಕೆಂಪು ಮಣ್ಣು, ಒಂದು ಮರವಿಲ್ಲ, ಸಿಮೆಂಟು ಕಲ್ಲಿನ ಮೇಲೆ ಹೆಸರಿನ ಬದಲು ನಂಬರು. ಬಂದವರು ಒಂಬತ್ತು ಜನ. ಉಳಿದವರಿಗೆ ದೂರವಾಯಿತು.

ಇದೆಲ್ಲ ಆಗಿ ಆರು ವರ್ಷ. ಹೋದ ತಿಂಗಳು ಪಾದ್ರಿಗಳು ಆರಾಧನೆಯಲ್ಲಿ ಬಾಗಿಲಮ್ಮನ ಕಥೆ ಹೇಳಿದರು. ಸ್ವಂತ ಗುಂಡಿ ಇರುವವರು, ಪುಸ್ತಕದಲ್ಲಿ ಹೆಸರಿಲ್ಲದ ಹೊಸಬರಿಗೆ ಬೇಕಾದಾಗ ಅದನ್ನು ಬಿಟ್ಟುಕೊಡಬೇಕು, ಆ ತಾಯಿ ಮಾಡಿದ ಹಾಗೆ, ಎಂದರು. ಕೆಟ್ಟ ಮಾತಲ್ಲ, ಒಳ್ಳೆಯ ಮಾತೇ. ಜನ ಕಣ್ಣು ಒರೆಸಿಕೊಂಡರು. ಅವರು ಈಗ ಎಲ್ಲಿದ್ದಾರೆ ಎಂದು ಯಾರೂ ಕೇಳಲಿಲ್ಲ.

ಮರುದಿನ ಹೊಸ ಕಾರ್ಯದರ್ಶಿ ಕಾಗದ ಹಿಡಿದುಕೊಂಡು ನಮ್ಮ ಮನೆಗೆ ಬಂದ. “ಮೊದಲ್ನೇ ಸಹಿ ನಿಮ್ದಾದ್ರೆ ಚೆನ್ನಾಗಿರುತ್ತೆ ಅಜ್ಜಿ.”

“ಹಾಕ್ತೀನಪ್ಪ. ಮೊದ್ಲು ಬಾಗಿಲಮ್ಮನ್ನ ಅಲ್ಲಿಂದ ತಂದು ಅವರ ಗಂಡನ ಜೊತೆ ಇಡಿ. ಆಮೇಲೆ ನನ್ನ ಜಾಗ ಯಾರಿಗೆ ಬೇಕಾದ್ರೂ ಕೊಡಿ.”

ಒಳ್ಳೆಯ ಹುಡುಗ. ಅಲ್ಲೇ ಹೊರಗೆ ನಿಂತು ಆ ಸಿಮೆಟ್ರಿಯವರಿಗೆ ಫೋನು ಮಾಡಿದ. ಒಳಗೆ ಬಂದವನು ಕೂರಲಿಲ್ಲ.

“ಅಲ್ಲಿ ಐದೇ ವರ್ಷಕ್ಕೆ ತೆಗೀತಾರಂತೆ ಅಜ್ಜಿ. ಆ ಸಾಲು ಹೋದ ವರ್ಷ ತೆಗೆದಾಯ್ತಂತೆ. ಮೂಳೆ ಎಲ್ಲಾ ಒಟ್ಟಿಗೆ ಒಂದ್ಕಡೆ...”

ದರ್ಜಿಯವರ ಗಂಟು ನನ್ನ ಯಜಮಾನನ ಕಾಲ ಬಳಿ ಇದೆ. ನಾನು ಹೋದ ದಿನ ಅದನ್ನು ತೆಗೆದು ನನ್ನ ಕಾಲ ಬಳಿ ಇಡುತ್ತಾರೆ. ಬಾಗಿಲಮ್ಮ ಮಾತ್ರ ಬರುವುದಿಲ್ಲ.

ಅವರಾಗಿದ್ದರೆ ಸಹಿ ಹಾಕಿಬಿಡುತ್ತಿದ್ದರು, ಗೊತ್ತು. ಹಾಕಿದ್ದಕ್ಕೆ ಏನಾಯಿತು ಎಂಬುದೂ ಗೊತ್ತು. ನಾನು ಅವರಷ್ಟು ದೊಡ್ಡವಳಲ್ಲ. ಕನ್ನಡಕ ಒಡೆದಿದೆ, ರಿಪೇರಿ ಆಗಲಿ, ಆಮೇಲೆ ನೋಡೋಣ ಎಂದೆ. ಕಾಗದವನ್ನು ಮೇಜಿನ ಮೇಲಿಟ್ಟು ಹೋದ. ಎರಡು ಸಲ ಬಂದು ಕೇಳಿದ. ಇನ್ನೂ ಆಗಿಲ್ಲ ಎಂದೆ.

ಕನ್ನಡಕ ಒಡೆದಿಲ್ಲ. ಇದನ್ನು ಬರೆಯುತ್ತಿರುವುದೇ ಅದನ್ನು ಹಾಕಿಕೊಂಡು.