ಕರೆಯದೆ ಬರೆದ ತಾರೀಖು

1991ರಲ್ಲಿ ನಾನು ದೊಡ್ಡಬಳ್ಳಾಪುರದಲ್ಲಿ ಕಿರಿಯ ಮಹಿಳಾ ಆರೋಗ್ಯ ಸಹಾಯಕಿಯಾಗಿದ್ದೆ. ಹುದ್ದೆಯ ಹೆಸರು ಉದ್ದವಾಯಿತೆಂದು ಜನ ನನ್ನನ್ನು ‘ನರ್ಸಮ್ಮ’ ಎಂದೇ ಕರೆಯುತ್ತಿದ್ದರು. ನನ್ನ ಊರು ಸೂಲಿಬೆಲೆಯ ಹತ್ತಿರದ ಒಂದು ಹಳ್ಳಿ. ವಯಸ್ಸು ಇಪ್ಪತ್ತಾರು, ಮದುವೆಯಾಗಿರಲಿಲ್ಲ. ಬಸ್ ನಿಲ್ದಾಣದ ಹಿಂದೆ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೆ. ದಿನವೆಲ್ಲ ನೂರು ಜನರ ಜೊತೆ ಮಾತಾಡಿ ಸಂಜೆ ಬೀಗ ತೆಗೆದು ಒಳಗೆ ಬಂದರೆ, ಊಟ ಆಯಿತೇ ಎಂದು ಕೇಳುವವರಿರಲಿಲ್ಲ. ಆ ಕೋಣೆಯ ಮೌನಕ್ಕೆ ನಾನು ಹೆದರುತ್ತಿದ್ದೆ.

ನೇಕಾರರ ನಾಲ್ಕು ಬೀದಿಗಳು ನನ್ನ ಪಾಲಿಗೆ ಬಂದಿದ್ದವು. ಹದಿನೈದು ದಿನಕ್ಕೊಮ್ಮೆ ಪ್ರತಿ ಮನೆಗೂ ಹೋಗಿ ಯಾರಿಗಾದರೂ ಜ್ವರ ಬಂದಿದೆಯೇ ಎಂದು ವಿಚಾರಿಸಬೇಕು. ಬಂದಿದ್ದರೆ ಬೆರಳು ಚುಚ್ಚಿ, ಗಾಜಿನ ಸ್ಲೈಡ್ ಮೇಲೆ ರಕ್ತ ತೆಗೆದು ಮಲೇರಿಯಾ ಪರೀಕ್ಷೆಗೆ ಕಳಿಸಬೇಕು. ಜೊತೆಗೆ ಬಸುರಿಯರು, ಬಾಣಂತಿಯರು, ಮಕ್ಕಳ ಲಸಿಕೆ. ಹೊರಡುವಾಗ ಬಾಗಿಲ ಪಕ್ಕದ ಗೋಡೆಯಲ್ಲಿ ಎಳೆದಿದ್ದ ಚೌಕದೊಳಗೆ ಆ ದಿನದ ತಾರೀಖು ಬರೆದು ಸಹಿ ಹಾಕಬೇಕು. ಮೇಲಿನವರು ತಪಾಸಣೆಗೆ ಬಂದರೆ ನೋಡುತ್ತಿದ್ದುದು ಆ ಗೋಡೆಯನ್ನು. ಒಳಗಿದ್ದವರನ್ನು ಕರೆದು ಕೇಳಿದ್ದನ್ನು ನಾನು ನೋಡಿಲ್ಲ.

ಎರಡನೇ ಬೀದಿಯ ಕೊನೆಯ ಮನೆಯಲ್ಲಿ ಗ್ರಾಫ್ ಅಂಜಿನಪ್ಪ ಒಬ್ಬರೇ ಇದ್ದರು. ಐವತ್ತರ ಆಸುಪಾಸಿನ ಮನುಷ್ಯ. ಸೀರೆಯ ಸೆರಗು, ಅಂಚಿನ ಚಿತ್ತಾರವನ್ನು ಮೊದಲು ಚೌಕುಳಿಯ ಗ್ರಾಫ್ ಕಾಗದದ ಮೇಲೆ ಬರೆದುಕೊಡುವುದು ಅವರ ಕಸುಬು. ಕಾಗದದ ಒಂದೊಂದು ಚೌಕವೂ ಒಂದು ಎಳೆ. ಬಣ್ಣ ತುಂಬಿದ ಚೌಕ ನೋಡಿಕೊಂಡು ರಟ್ಟಿನ ಕಾರ್ಡುಗಳಿಗೆ ತೂತು ಹೊಡೆಯುತ್ತಾರೆ, ಆ ಕಾರ್ಡುಗಳ ಸರವನ್ನು ಮಗ್ಗದ ಮೇಲಿನ ಜಕಾರ್ಡ್ ಯಂತ್ರಕ್ಕೆ ಏರಿಸುತ್ತಾರೆ. ಒಂದು ಚೌಕ ಹೆಚ್ಚು ಕಡಿಮೆಯಾದರೆ ನೂರಾರು ಸೀರೆಗಳಲ್ಲಿ ನವಿಲಿನ ಕೊಕ್ಕು ಸೊಟ್ಟಗಾಗುತ್ತದೆ. ಹಾಗಾಗಿ ಅವರು ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ, ಮುಂದೆ ಇಳಿಜಾರು ಹಲಗೆ ಇಟ್ಟುಕೊಂಡು, ಬೆಳಕು ಹರಿದಾಗ ಕೂತರೆ ಬೆಳಕು ಹೋಗುವವರೆಗೆ ಎಣಿಸುತ್ತಲೇ ಇರುತ್ತಿದ್ದರು. ಮಗ್ಗ ನಡೆಸುವವರಾದರೂ ನಿಂತು, ಓಡಾಡಿ, ಎಳೆ ಕಟ್ಟುತ್ತಾರೆ. ಇವರದು ಕೂತ ಜಾಗ ಬಿಟ್ಟು ಕದಲದ ಕೆಲಸ.

ಎಣಿಸುವಾಗ ಯಾರಾದರೂ ಕರೆದರೆ ಲೆಕ್ಕ ತಪ್ಪುತ್ತದೆ. ಅದಕ್ಕೇ ಅವರ ಬಾಗಿಲ ಚಿಲಕಕ್ಕೆ ಒಂದು ಕೆಂಪು ನೂಲು ಕಟ್ಟಿರುತ್ತಿತ್ತು. ನೂಲು ಇದ್ದರೆ ಕರೆಯಬಾರದು, ಬಾಗಿಲು ತಟ್ಟಬಾರದು ಎಂಬುದು ಇಡೀ ಬೀದಿಗೆ ಗೊತ್ತಿತ್ತು. ಭಿಕ್ಷೆಯವರೂ ದಾಟಿ ಹೋಗುತ್ತಿದ್ದರು. ಹೆಂಡತಿ ಬದುಕಿದ್ದಾಗ ಬೆಳಿಗ್ಗೆ ಆಕೆಯೇ ನೂಲು ಕಟ್ಟಿ, ಊಟದ ಹೊತ್ತಿಗೆ ಬಿಚ್ಚಿ, ಏಳಿ ಸಾಕು ಎಂದು ಎಬ್ಬಿಸುತ್ತಿದ್ದರಂತೆ. ಆಕೆ ತೀರಿಕೊಂಡು ಎರಡು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಈಗ ಅಂಜಿನಪ್ಪನವರೇ ಬೆಳಿಗ್ಗೆ ಕಟ್ಟಿದ ನೂಲು ಹಗಲೆಲ್ಲ ಕಟ್ಟಿದಂತೆಯೇ ಇರುತ್ತಿತ್ತು.

ನಾನು ಬೀದಿಗೆ ಹೊಸಬಳು. ಮೊದಲ ಸಲ ಕರೆಯಲು ಹೋದಾಗ ಎದುರು ಮನೆಯ ರತ್ನಮ್ಮ ತಡೆದರು. ಮಗ್ಗಕ್ಕೆ ನೂಲಿನ ಉಂಡೆ ಸುತ್ತಿಕೊಡುವ ಹೆಂಗಸು, ಬಾಯಿ ಜೋರು, ಮನಸ್ಸು ಒಳ್ಳೆಯದು. ನೂಲಿನ ಅರ್ಥ ಹೇಳಿಕೊಟ್ಟವರು ಅವರೇ. ಆ ಸಲ ಸಂಜೆ ಮತ್ತೆ ಬಂದು ಅಂಜಿನಪ್ಪನವರನ್ನು ಕಂಡು ಹೋದೆ. ಹಲವು ತಿಂಗಳು ಹಾಗೇ ಮಾಡಿದೆ. ಆಮೇಲೆ ಸೋಮಾರಿತನ ಬಂತು. ಒಬ್ಬ ಮನುಷ್ಯನಿಗಾಗಿ ಎರಡೆರಡು ಸಲ ಯಾರು ಬರುತ್ತಾರೆ, ಜ್ವರ ಬಂದಿದ್ದರೆ ಬೀದಿಯವರು ಹೇಳುತ್ತಿರಲಿಲ್ಲವೇ ಎಂದುಕೊಂಡೆ. ಆ ವರ್ಷದ ಮಳೆಗಾಲದಲ್ಲಿ ಮೂರು ಸುತ್ತು, ಅಂದರೆ ಒಂದೂವರೆ ತಿಂಗಳು, ಅವರನ್ನು ಕಾಣದೆಯೇ ಗೋಡೆಯ ಮೇಲೆ ತಾರೀಖು ಬರೆದು ಮುಂದಕ್ಕೆ ಹೋದೆ. ಆ ನೂಲಿನ ಮರ್ಯಾದೆಗೆ ಹಾಗೆ ಮಾಡಿದೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ.

ಹಾಗೆ ಮೂರನೇ ಸಲ ತಾರೀಖು ಬರೆದ ಐದನೆಯ ದಿನ ಬೆಳಿಗ್ಗೆ ನಾನು ಮೊದಲ ಬೀದಿಯಲ್ಲಿ ಮಗುವೊಂದಕ್ಕೆ ಲಸಿಕೆ ಹಾಕುತ್ತಿದ್ದೆ. ರತ್ನಮ್ಮ ಓಡಿ ಬಂದರು. ಬೀದಿಯ ನಲ್ಲಿಯಲ್ಲಿ ನೀರು ಬಿಟ್ಟಿದ್ದರಂತೆ, ಕೊಡ ಹಿಡಿದು ಬಂದ ಅಂಜಿನಪ್ಪ ಅಲ್ಲೇ ಕುಸಿದಿದ್ದರಂತೆ. ಹೋಗಿ ನೋಡಿದರೆ ಪ್ರಜ್ಞೆ ಇತ್ತು, ಆದರೆ ಓಡಿ ಬಂದವರ ಹಾಗೆ ಏದುಸಿರು. ಎದೆಗೆ ಚುಚ್ಚಿದಂತಾಗುತ್ತಿದೆ ಎಂದು ಕೈ ತೋರಿಸಿದರು. ಎಡಗಾಲಿಗೆ ಹಳೆಯ ಪಂಚೆಯ ತುಂಡನ್ನು ಬಿಗಿಯಾಗಿ ಸುತ್ತಿದ್ದರು. ಬಿಚ್ಚಿದರೆ ಕಾಲು ಬಲಗಾಲಿನ ಒಂದೂವರೆ ಪಟ್ಟು ಊದಿತ್ತು. ಚರ್ಮ ಹೊಳೆಯುತ್ತಿತ್ತು, ಬೆರಳಿಂದ ಒತ್ತಿದರೆ ಗುಳಿ ಬಿದ್ದು ಹಾಗೆಯೇ ಉಳಿಯುತ್ತಿತ್ತು.

ಎಷ್ಟು ದಿನದಿಂದ ಹೀಗಿದೆ ಎಂದು ಕೇಳಿದೆ.

“ತಿಂಗಳ ಮ್ಯಾಲಾಯ್ತು ನರ್ಸಮ್ಮ. ಕೂತು ಕೂತು ಜೋಮು ಹಿಡಿದೈತೆ ಅಂತ ಹರಳೆಣ್ಣೆ ಹಚ್ಕೊಂಡು ಸುಮ್ನಾದೆ,” ಎಂದರು.

ತಿಂಗಳ ಮೇಲೆ. ಆ ಅವಧಿಯಲ್ಲಿ ನಾನು ಆ ಮನೆಯ ಗೋಡೆಗೆ ಮೂರು ಸಲ ಸಹಿ ಹಾಕಿದ್ದೆ.

ಆಟೋದಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಹೋದೆವು. ಅಲ್ಲಿನ ವೈದ್ಯರು ನಿವೃತ್ತಿಯ ಅಂಚಿನಲ್ಲಿದ್ದರು, ಮಾತು ಕಡಿಮೆ. ಕಾಲು ನೋಡಿ, ಎದೆಗೆ ಸ್ಟೆತಸ್ಕೋಪ್ ಇಟ್ಟು, ಇ.ಸಿ.ಜಿ. ಮಾಡಿಸಿ, ಕೂಡಲೇ ಬೆಂಗಳೂರಿಗೆ ಸಾಗಿಸಲು ಹೇಳಿದರು. ಚೀಟಿ ಬರೆಯುತ್ತಲೇ ನನಗೆ ವಿವರಿಸಿದರು. ಕಾಲಿನ ರಕ್ತವನ್ನು ಮೇಲಕ್ಕೆ ತಳ್ಳುವ ಕೆಲಸದಲ್ಲಿ ದೊಡ್ಡ ಪಾಲು ಮೀನಖಂಡದ್ದು. ನಡೆದಾಗಲೆಲ್ಲ ಅದು ಹಿಂಡಿ ಹಿಂಡಿ ರಕ್ತವನ್ನು ಹೃದಯದ ಕಡೆಗೆ ಕಳಿಸುತ್ತದೆ. ಗಂಟೆಗಟ್ಟಲೆ ಕಾಲು ಮಡಚಿ ಕೂತರೆ ಆ ಪಂಪು ನಿಂತ ಹಾಗೆ. ಕೆಲವರಲ್ಲಿ ರಕ್ತ ಒಳಗಿನ ನಾಳದಲ್ಲೇ ಹೆಪ್ಪುಗಟ್ಟುತ್ತದೆ, ಅದಕ್ಕೆ ಡೀಪ್ ವೇನ್ ಥ್ರಾಂಬೋಸಿಸ್ ಎನ್ನುತ್ತಾರೆ. ಆ ಹೆಪ್ಪಿನ ಚೂರು ಕಳಚಿ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡರೆ ಮನುಷ್ಯ ನಿಂತಲ್ಲೇ ಹೋಗಬಹುದು. ಇವರಿಗೆ ಒಂದು ಚೂರು ಆಗಲೇ ಹೋಗಿರುವಂತಿದೆ, ಇನ್ನೊಂದು ಹೋಗುವ ಮುಂಚೆ ಔಷಧಿ ಶುರುವಾಗಬೇಕು ಎಂದರು.

“ಕಾಲು ಊದಿದ ಮೊದಲ ವಾರವೇ ಯಾರಾದ್ರೂ ನೋಡಿದ್ರೆ ಇಷ್ಟಕ್ಕೆ ಬರ್ತಿರ್ಲಿಲ್ಲ,” ಎಂದರು. ಅವರು ನನ್ನನ್ನು ಉದ್ದೇಶಿಸಿ ಹೇಳಿದ್ದಲ್ಲ. ನನಗೆ ಮಾತ್ರ ಅದು ನನಗೇ ಹೇಳಿದಂತೆ ಕೇಳಿಸಿತು.

ಜೊತೆಗೆ ಹೋಗಲು ಬೇರೆ ಯಾರೂ ಇರಲಿಲ್ಲವಾಗಿ ಆಂಬುಲೆನ್ಸಿನಲ್ಲಿ ನಾನೇ ಕೂತೆ. ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ರೋಗಿಯ ಕಡೆಯವರು ಯಾರು ಎಂದು ಕೇಳಿದರು. ಫಾರಂನಲ್ಲಿ ಸಂಬಂಧ ಎಂಬ ಜಾಗ ಖಾಲಿ ಇತ್ತು. ಏನು ಬರೆಯಲಿ ಎಂದು ತೋಚದೆ ‘ಪರಿಚಯ’ ಎಂದು ಬರೆದೆ. ಅದೂ ಅರ್ಧ ಸುಳ್ಳೇ. ಹೆಪಾರಿನ್ ಎಂಬ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಂಜೆಕ್ಷನ್ ಶುರು ಮಾಡಿದರು. ಎರಡು ದಿನ ಏನೂ ಹೇಳಲಾಗದು ಎಂದರು. ಆ ಎರಡು ದಿನ ನಾನು ಕೆಲಸಕ್ಕೆ ಮರಳಿ ಬೀದಿ ಸುತ್ತುತ್ತಿದ್ದರೂ ಗಮನವೆಲ್ಲ ಆ ವಾರ್ಡಿನ ಮೇಲಿತ್ತು. ಯಾರ ಹತ್ತಿರವೂ ಹೇಳಿಕೊಳ್ಳುವಂತಿರಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ನೋಡಲು ಹೋದಾಗ ಅಂಜಿನಪ್ಪ ದಿಂಬಿಗೆ ಒರಗಿದ್ದರು. ಉಸಿರು ಹದಕ್ಕೆ ಬಂದಿತ್ತು. ನಾನು ಸುತ್ತು ಬಳಸದೆ ಹೇಳಿಬಿಟ್ಟೆ. ಮೂರು ಸಲ ನಿಮ್ಮನ್ನು ನೋಡದೆಯೇ ತಾರೀಖು ಬರೆದೆ, ನೂಲು ಕಟ್ಟಿತ್ತೆಂದು ಕರೆಯಲಿಲ್ಲ, ತಪ್ಪಾಯಿತು ಎಂದೆ.

ಅವರು ಸೂಜಿ ಚುಚ್ಚಿದ್ದ ಕೈಯನ್ನು ಮೆಲ್ಲಗೆ ಮಡಿಲಿಗೆ ಸರಿಸಿಕೊಂಡು ಹೇಳಿದರು.

“ಗೊತ್ತು ಕಣಮ್ಮ. ನಾನು ಕೂರೋದು ನೆಲದ ಮ್ಯಾಲಲ್ವಾ. ಬಾಗಿಲ ಕೆಳಗಿನ ಸಂದೀಲಿ ನಿಮ್ಮ ಚಪ್ಪಲಿ ಕಾಣೋವು. ಈವತ್ತು ಕರೀತಾರೇನೋ ಅಂತ ಪೆನ್ಸಿಲ್ ಎತ್ತಿ ಹಿಡ್ಕೊಂಡು ಕಾಯ್ತಿದ್ದೆ. ನೀವು ಬರ್ಕೊಂಡು ಹೊರಟೋಗ್ತಿದ್ರಿ.”

ನೀವೇ ಕೂಗಬಹುದಿತ್ತಲ್ಲ ಎಂದೆ.

“ನೂಲು ಕಟ್ಟಿರೋನು ನಾನೇ. ನಾನೇ ಹೆಂಗೆ ಕೂಗ್ಲಿ?” ಎಂದರು.

ಅಲ್ಲಿಂದ ಹೊರಬಂದು ವರಾಂಡದ ಕಿಟಕಿಯ ಹತ್ತಿರ ನಿಂತು ಅತ್ತೆ. ಅವರಿಗಾಗಿ ಎಷ್ಟು, ನನಗಾಗಿ ಎಷ್ಟು ಎಂದು ಇವತ್ತಿಗೂ ಹೇಳಲಾರೆ. ಬೀಗ ಹಾಕಿದ ನನ್ನ ಕೋಣೆಯೂ ಆಗ ಕಣ್ಣ ಮುಂದೆ ಬಂದಿತ್ತು.

ದೊಡ್ಡಬಳ್ಳಾಪುರಕ್ಕೆ ಮರಳಿ ನನ್ನ ಮೇಲಧಿಕಾರಿಗೂ ನಡೆದದ್ದು ಹೇಳಿದೆ. ಅವರು ರಿಜಿಸ್ಟರ್ ತಿರುವಿದರು. ಗೋಡೆಯ ಮೇಲೆ ತಾರೀಖಿದೆ, ಇಲ್ಲೂ ಇದೆ, ಅವರಿಗೆ ಬಂದದ್ದು ಜ್ವರವೂ ಅಲ್ಲ, ಸುಮ್ಮನೆ ತಲೆ ಕೆಡಿಸಿಕೊಳ್ಳಬೇಡಿ ಎಂದು ಮುಚ್ಚಿಟ್ಟರು. ಒಂದು ಮೆಮೋ ಕೊಟ್ಟಿದ್ದರೆ ನನಗೆ ಹಗುರವಾಗುತ್ತಿತ್ತು. ಬೈಯುವವರೂ ಇಲ್ಲದ ತಪ್ಪನ್ನು ಹೊತ್ತುಕೊಂಡಿರುವುದು ಬಹಳ ಕಷ್ಟ.

ಅಂಜಿನಪ್ಪ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದರು. ರಕ್ತ ಹೆಪ್ಪುಗಟ್ಟದಿರಲು ಮಾತ್ರೆ, ಆಗಾಗ ರಕ್ತ ಪರೀಕ್ಷೆ, ಕಾಲಿಗೆ ಬಿಗಿ ಕಾಲುಚೀಲ. ಕೆಲಸ ಬಿಡಬೇಕಿಲ್ಲ, ಆದರೆ ಅರ್ಧ ಗಂಟೆಗಿಂತ ಹೆಚ್ಚು ಒಂದೇ ಸಮನೆ ಕೂರಬಾರದು, ನೀರು ಚೆನ್ನಾಗಿ ಕುಡಿಯಬೇಕು ಎಂದಿದ್ದರು. ನೀರಿನ ವಿಷಯ ಆಗ ಹೊರಬಿತ್ತು. ಮಧ್ಯೆ ಬಚ್ಚಲಿಗೆ ಏಳಬೇಕಾಗುತ್ತದೆಂದು ಅವರು ಸಂಜೆಯವರೆಗೆ ನೀರೇ ಮುಟ್ಟುತ್ತಿರಲಿಲ್ಲವಂತೆ.

ಚಿಲಕದ ನೂಲನ್ನು ನಾನೇ ಬಿಚ್ಚಿದೆ. ಲೆಕ್ಕ ತಪ್ಪುತ್ತದೆ ಎಂದು ಅವರು ಗೊಣಗಿದರು. ಹತ್ತು ಸಾಲು ಮುಗಿದಾಗ ಅಂಚಿನಲ್ಲಿ ಒಂದು ಚುಕ್ಕಿ ಇಟ್ಟು ಏಳುವುದು ಎಂದು ಕೊನೆಗೆ ಒಪ್ಪಂದವಾಯಿತು. ರತ್ನಮ್ಮನಿಗೆ ಆ ಒಪ್ಪಂದದಲ್ಲಿ ನಂಬಿಕೆಯಿರಲಿಲ್ಲ. ಒಂದು ಬುಟ್ಟಿ ನೂಲು ಸುತ್ತಿ ಮುಗಿದಾಗಲೆಲ್ಲ ತಮ್ಮ ಜಗಲಿಯಿಂದಲೇ ಒಂದು ಕೂಗು ಹಾಕುತ್ತಿದ್ದರು: “ಅಂಜಿನಪ್ಪಣ್ಣ, ಎದ್ಯಾ?” ಅವರು ರೇಗುತ್ತಾ ಬಾಗಿಲಿಗೆ ಬಂದು, ಎರಡು ಮಾತಾಡಿ, ನಲ್ಲಿಯವರೆಗೆ ನಡೆದು ಹೋಗುತ್ತಿದ್ದರು. ಒಂದು ಸಲ ನಾನು ಕರೆದ ಹೊತ್ತಿಗೆ ಲೆಕ್ಕ ತಪ್ಪಿ ನವಿಲಿನ ಜುಟ್ಟಿನಲ್ಲಿ ಒಂದು ಚೌಕ ಕಡಿಮೆಯಾಯಿತು. ಕಾರ್ಡು ಮತ್ತೆ ಹೊಡೆಸಬೇಕಾಯಿತು. ಸೀರೆ ನೇಯಿಸುವವರು ಕೂಗಾಡಿದರು. ಅಂಜಿನಪ್ಪ ನನ್ನ ಹೆಸರು ಹೇಳಲಿಲ್ಲ.

1995ರಲ್ಲಿ ನನಗೆ ನೆಲಮಂಗಲದ ಕಡೆಗೆ ವರ್ಗವಾಯಿತು. ಕೊನೆಯ ಸುತ್ತಿನ ದಿನ ಅವರ ಬಾಗಿಲ ಮುಂದೆ ನಿಂತು ಹೆಸರು ಹಿಡಿದು ಕರೆದೆ. ಒಳಗೆ ಹಲಗೆ ಸರಿಸಿದ ಸದ್ದು, ಗೋಡೆಗೆ ಕೈ ಊರಿದ ಸದ್ದು, ಒಂದು ಸಣ್ಣ ನರಳಿಕೆ, ಆಮೇಲೆ ಹೆಜ್ಜೆ. ಅವರು ಬಾಗಿಲು ತೆಗೆದ ಮೇಲೆಯೇ ತಾರೀಖು ಬರೆದೆ.

ಆಮೇಲೆ ಎಷ್ಟೋ ಊರುಗಳಲ್ಲಿ ಕೆಲಸ ಮಾಡಿದೆ. ಕೂತು ದುಡಿಯುವವರಿಗೆ ಅರ್ಧ ಗಂಟೆಗೊಮ್ಮೆ ಏಳಿ, ನಾಲ್ಕು ಹೆಜ್ಜೆ ನಡೆಯಿರಿ ಎಂದು ಹೇಳುವಾಗಲೆಲ್ಲ ಇನ್ನೊಂದನ್ನೂ ಕೇಳುತ್ತಿದ್ದೆ: ನಿಮಗೆ ಏಳಿ ಎನ್ನುವವರು ಮನೆಯಲ್ಲಿ ಯಾರಿದ್ದಾರೆ? ಯಾರೂ ಇಲ್ಲ ಎಂದವರ ಮನೆಗೆ ಎರಡು ಸಲ ಹೋಗುತ್ತಿದ್ದೆ. ಕೆಲಸ ನನಗೆ ಕಲಿಸಿದ್ದು ಇಷ್ಟೇ.

ಈಗ ನಾನು ನಿವೃತ್ತಳು. ಹೊಸಕೋಟೆಯ ಒಂದು ಸಣ್ಣ ಮನೆಯಲ್ಲಿ ಒಬ್ಬಳೇ ಇದ್ದೇನೆ. ಮಂಡಿ ನೋವಿನಿಂದಾಗಿ ಕೂತರೆ ಕೂತೇ ಇರುವ ಅಭ್ಯಾಸ ನನಗೂ ಹತ್ತುತ್ತಿದೆ. ತಿಂಗಳಿಗೊಮ್ಮೆ ಕರೆಂಟ್ ಮೀಟರ್ ನೋಡಲು ಬರುವಾತ ಹೊರಗಿಂದಲೇ ಬಿಲ್ಲು ಸಿಕ್ಕಿಸಿ ಹೋಗುತ್ತಾನೆ, ಕರೆಯುವುದಿಲ್ಲ. ಕುರ್ಚಿಯಲ್ಲಿ ಕೂತ ನನಗೆ ಬಾಗಿಲ ಸಂದಿಯಲ್ಲಿ ಅವನ ಚಪ್ಪಲಿಯ ನೆರಳು ಕಾಣುತ್ತದೆ. ಅವನು ಕರೆಯಲಿ ಎಂದು ನಾನು ಕಾಯುವುದಿಲ್ಲ. ಕುರ್ಚಿಯ ಕೈ ಹಿಡಿದು ಏಳುತ್ತೇನೆ, ಹೋಗಿ ಬಾಗಿಲು ತೆಗೆಯುತ್ತೇನೆ.