ಕಂಬ ಹಿಡಿದು ನಡೆದ ಟೀಚರ್

ಮೊನ್ನೆ ಶೃಂಗೇರಿ ರಸ್ತೆಯಲ್ಲಿ ಎಲ್ಲೋ ಡಾಂಬರು ಕಾಯಿಸುತ್ತಿದ್ದರು. ಬಸ್ಸಿನ ಕಿಟಕಿಯಿಂದ ಆ ವಾಸನೆ ಒಳಗೆ ಬಂದದ್ದೇ ತಡ, ಜಯಪುರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಟೀಚರ್ ನೆನಪಾದರು. ಪೇಟೆಯ ಜಗಲಿಯ ಮೇಲೆ ಅವರ ಬಲಗಾಲು ಉಜ್ಜುವ ಸದ್ದು...

ಶಾಲೆಯಲ್ಲಿ ನನಗೆ ಕನ್ನಡ ಕಲಿಸಿದವರು ಅವರು. ಮದುವೆಯಾಗಿರಲಿಲ್ಲ, ತಂಗಿಯ ಜೊತೆ ಇದ್ದರು. ನಿವೃತ್ತಿಯ ಮರುವರ್ಷವೇ ಲಕ್ವ ಹೊಡೆದು ಬಲಗಡೆ ಸೋತಿತು, ಮಾತು ಪೂರ್ತಿ ನಿಂತಿತು. ಪದ್ಯ ಓದಿದರೆ ಕೊನೆಯ ಬೆಂಚಿಗೂ ಕೇಳುತ್ತಿದ್ದ ದನಿಯಲ್ಲಿ "ನೀರು" ಎಂಬುದೂ ಹೊರಡುತ್ತಿರಲಿಲ್ಲ. ದಿನಾ ನಡೆಸಿ, ಮಾತಾಡಿಸಿ ಎಂದರು ಡಾಕ್ಟರು. ಸಂಜೆ ನಾನೇ ಕರೆದೊಯ್ಯುತ್ತಿದ್ದೆ.

ಆಗ ಅಂಗಡಿಗಳ ಮುಂದೆ ಉದ್ದಕ್ಕೂ ಜಗಲಿ, ಮೇಲೆ ಹೆಂಚಿನ ಮಾಡು, ಅಂಚಿಗೆ ಮರದ ಕಂಬಗಳು. ಕೊಡೆ ಬಿಚ್ಚದೆ ಪೇಟೆ ಸುತ್ತಿ ಬರಬಹುದಿತ್ತು. ಅಲ್ಲಿ ಯಾರೂ ಬಿರಬಿರನೆ ನಡೆಯುತ್ತಿರಲಿಲ್ಲ. ಒಬ್ಬರಲ್ಲ ಒಬ್ಬರು ಸಿಕ್ಕಿ, ನಿಂತು, ಮಾತಾಡಿಯೇ ಮುಂದಕ್ಕೆ. ಟೀಚರ್ ಎಡಗೈಯಲ್ಲಿ ಕಂಬದಿಂದ ಕಂಬಕ್ಕೆ ಹಿಡಿದುಕೊಂಡು ಸಾಗುತ್ತಿದ್ದರು. ಅವರನ್ನು ಕಂಡರೆ ದಿನಸಿ ಅಂಗಡಿಯವರು ತಕ್ಕಡಿ ಬಿಟ್ಟು ಬೆಲ್ಲದಚ್ಚು ಎತ್ತಿ ತೋರಿಸುತ್ತಿದ್ದರು.

"ಇದು ಎಂತ ಹೇಳಿ ಟೀಚರ್? ಅರ್ಜೆಂಟಿಲ್ಲ, ನಿಧಾನ."

ಗಿರಾಕಿಗಳೂ ಕಾಯುತ್ತಿದ್ದರು. ಒಂದು ಸಂಜೆ ತುಟಿ ಅದುರಿ, "ಬೆ... ಬೆಲ್ಲ" ಎಂದು ಬಂತು. ಜಗಲಿಯ ಮೇಲಿದ್ದವರೆಲ್ಲ ನಕ್ಕರು, ಅವರೂ ನಕ್ಕರು. ನಾನು ಅತ್ತುಬಿಟ್ಟೆ. ಆಮೇಲೆ ಟೈಲರ್ ಹತ್ತಿರ "ಗುಂಡಿ", ಹೂವಿನವಳ ಹತ್ತಿರ "ಸೇವಂತಿಗೆ"... ಬೇಸಿಗೆಯ ಹೊತ್ತಿಗೆ ನನ್ನ ಕೈ ಬಿಡಿಸಿಕೊಂಡು ಹೇಳಿದರು: "ನಾಳೆ ಒಬ್ಳೇ ಬತ್ತೆ ಮಾರಾಯ್ತಿ."

ಆ ಬೇಸಿಗೆಯಲ್ಲೇ ರಸ್ತೆ ಅಗಲ ಮಾಡಿ ಡಾಂಬರು ಹಾಕಿದರು. ಜಗಲಿ, ಕಂಬ, ಮಾಡು ಎಲ್ಲ ಹೋದವು. ಅಂಗಡಿಗಳು ಹಿಂದೆ ಸರಿದು ಗಾಜಿನ ಬಾಗಿಲು ಹಾಕಿಕೊಂಡವು. ನಡೆಯುವವರಿಗೆ ಉಳಿದದ್ದು ಚರಂಡಿಗೂ ವಾಹನಗಳಿಗೂ ನಡುವಿನ ಸಣ್ಣ ಪಟ್ಟಿ. ಜನ ಒಬ್ಬರ ಹಿಂದೊಬ್ಬರು, ತಲೆ ತಗ್ಗಿಸಿ ಓಡುವಂತೆ ನಡೆಯತೊಡಗಿದರು. ನಿಂತರೆ ಬೆನ್ನಿಗೆ ಹಾರನ್.

ಆ ರಸ್ತೆಗೆ ಟೀಚರನ್ನು ಒಮ್ಮೆ ಕರೆದೊಯ್ದೆ. ಅಭ್ಯಾಸದಂತೆ ಕೈ ಚಾಚಿದರು. ಹಿಡಿಯಲು ಏನೂ ಇರಲಿಲ್ಲ. ಅಷ್ಟರಲ್ಲಿ ಜೀಪೊಂದು ಮೈಗೆ ತಾಗುವಂತೆಯೇ ಹೋಯಿತು. ಅವರು ಅಲ್ಲೇ ಕುಸಿದು ಕೂತು ನನ್ನ ಸೆರಗು ಹಿಡಿದುಕೊಂಡರು.

"ಬೇಡ... ಮನೆ..."

ಮತ್ತೆ ಅವರು ಹೊರಗೆ ಬರಲಿಲ್ಲ. ಮನೆಯಲ್ಲೇ ಬೆಲ್ಲ, ಗುಂಡಿ ತೋರಿಸಿ ಕೇಳುತ್ತಿದ್ದೆ. ಮೊದಮೊದಲು ಹೇಳುತ್ತಿದ್ದರು. ಆಮೇಲೆ ಸುಮ್ಮನೆ ನನ್ನ ಮುಖ ನೋಡುತ್ತಿದ್ದರು... ಮುಂದಿನ ಮಳೆಗಾಲ ಮುಗಿಯುವ ಮೊದಲೇ ಹೋದರು. ಕೊನೆಯ ದಿನ ತಂಗಿ ಬಾಯಿಗೆ ನೀರು ಬಿಡುತ್ತ, "ಅಕ್ಕಾ, ನನ್ನ ಹೆಸರು ಒಂದ್ಸಲ ಹೇಳೇ" ಎಂದು ಬೇಡಿಕೊಂಡರು. ತುಟಿ ಅಲುಗಿತು, ಅಷ್ಟೆ.

ನಾನೀಗ ಕೊಪ್ಪದಲ್ಲಿದ್ದೇನೆ. ಹೋದ ವಾರ ಜಯಪುರದಲ್ಲಿ ಎಲ್ಲರಂತೆ ಬೇಗ ಬೇಗ ನಡೆಯುತ್ತಿದ್ದಾಗ ರಸ್ತೆಯಾಚೆಯಿಂದ ಟೀಚರ ತಂಗಿ ನನ್ನನ್ನು ಕಂಡು ಏನೋ ಕೂಗಿದರು. ಟೀಚರ ಬಗ್ಗೆ ಮಾತಾಡಬೇಕೆಂದರೆ ನನಗೆ ಉಳಿದವರು ಅವರೊಬ್ಬರೇ. ಲಾರಿಗಳ ಸದ್ದಿಗೆ ಏನೂ ಕೇಳಿಸಲಿಲ್ಲ. ದಾಟಲು ಕಾದೆ, ಸಂದು ಸಿಗಲಿಲ್ಲ. ಅವರು ಕೈ ಎತ್ತಿದರು. ನಾನೂ ಎತ್ತಿದೆ. ಹಿಂದಿನವರು ದೂಡಿದರು, ನಡೆದೆ.