ದೇವದುರ್ಗಕ್ಕೆ ಹೋದ ದೇವದರ್ಶನ

“ದೇವದುರ್ಗ ಇನ್ನೂ ಬರಲಿಲ್ಲೇನ್ರೀ?” ಮಾನ್ವಿಯಲ್ಲಿ ಪಕ್ಕದ ಸೀಟಿನ ಹೆಂಗಸು ಕೇಳಿದರು. ಎಂಬತ್ತರ ದಶಕದಲ್ಲಿ ನಾವು ರಾಯಚೂರಿನಿಂದ ಹೊರಟಿದ್ದ ಒಂದು ದಿನದ ಯಾತ್ರೆಯ ಬಸ್ಸದು. ಗೈಡ್ “ದೇವದರ್ಶನ” ಎಂದು ಕೂಗಿದ್ದು ಆಕೆಗೆ “ದೇವದುರ್ಗ” ಎಂದು ಕೇಳಿಸಿತ್ತು. ಇದು ಯಾತ್ರೆಯ ಬಸ್ಸೆಂದು ತಿಳಿಸಿದಾಗ ಆಕೆ ಹಣೆ ಬಡಿದುಕೊಂಡರು.

“ಗುಡಿ ಗುಡಿಗೂ ನಿಲ್ಲಸ್ತಾನ, ಡ್ರೈವರ್ ಭಾಳ ಭಕ್ತ ಅಂತ ಸುಮ್ಮ ಕುಂತಿದ್ದೆಲ್ಲೋ ಯಪ್ಪಾ! ಸಂಜಿಗೆ ತಮ್ಮನ ಕೂಸಿಗೆ ಹೆಸರಿಡೋದು ಅದ. ಕಿವ್ಯಾಗ ಹೆಸರು ಹೇಳೋ ಸ್ವಾದರತ್ತಿ ನಾನ ಅದೀನಿ!”

ಗೈಡ್ ತಲೆ ಕೆರೆದುಕೊಂಡು, “ಕೊನೀ ಗುಡಿ ಬಿಡೋಣೇನ್ರಿ?” ಎಂದು ನಮ್ಮನ್ನು ಕೇಳಿದ. ಯಾರೂ ಬೇಡವೆನ್ನಲಿಲ್ಲ. ಬಸ್ಸು ದೇವದುರ್ಗಕ್ಕೆ ತಿರುಗಿತು. ಆಕೆ ಕೂಸಿನ ಕಿವಿಯಲ್ಲಿ ಹೆಸರು ಹೇಳಿದ ಮೇಲೆ ನಾವೂ ಚಪ್ಪಲಿ ಬಿಟ್ಟು ತೊಟ್ಟಿಲ ಮುಂದೆ ಸಾಲಾಗಿ ನಿಂತೆವು. ಗೈಡ್ ರೂಢಿಯಂತೆ ಕೂಗಿದ: “ಮುಂದ ಸರೀರಿ, ಹಿಂದಿನವರಿಗೂ ದರ್ಶನ ಆಗಲಿ!”

ಆ ದಿನ ನೋಡಿದ ಗುಡಿಗಳೆಲ್ಲ ಮರೆತುಹೋಗಿವೆ. ನಮ್ಮನ್ನು ನೋಡಿ ಆಕಳಿಸಿದ ದೇವರು ಮಾತ್ರ ನೆನಪಿದೆ.